ಕೋವಿಯಿಲ್ಲದ ಶಿಕಾರಿ

ಸಫಾರಿ ವ್ಯಾನು ಗೇಟು ದಾಟಿ ಹತ್ತು ನಿಮಿಷ ಆಗಿರುವುದಿಲ್ಲ, ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತದೆ: ‘ಅಪ್ಪಾ, ಹುಲಿ ಎಲ್ಲಿ?’ ಅಪ್ಪ ಡ್ರೈವರನ ಮುಖ ನೋಡುತ್ತಾನೆ. ಡ್ರೈವರು ಕಾಡಿನತ್ತ ನೋಡುತ್ತಾನೆ. ಒಂದೂವರೆ ಗಂಟೆ ಸುತ್ತಿದರೂ ಹುಲಿರಾಯನ ದರ್ಶನವಾಗದಿದ್ದರೆ ಹುಡುಗನ ಮುಖ ಬಾಡುತ್ತದೆ. ಅಮ್ಮ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾಳೆ. ಸೋಮವಾರ ಶಾಲೆಯಲ್ಲಿ ಗೆಳೆಯರಿಗೆ ಸಲ್ಲುವ ವರದಿ ಎರಡೇ ಪದಗಳದು: ‘ಬರೀ ಜಿಂಕೆ.’

ರಜೆ ಬಂತೆಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳಿಂದ ಬಂಡೀಪುರಕ್ಕೋ ಕಬಿನಿಗೋ ಹೊರಡುವ ಸಂಸಾರಗಳಿಗೆ ಇದು ಹೊಸದೇನಲ್ಲ. ದುಡ್ಡು ಖರ್ಚಾಗುತ್ತದೆ, ಮೈಕೈ ನೋಯುತ್ತದೆ, ಮಗುವಿನ ತಲೆಯಲ್ಲಿ ಮಾತ್ರ ಹೆಚ್ಚೇನೂ ಉಳಿಯುವುದಿಲ್ಲ. ತಪ್ಪು ಮಗುವಿನದಲ್ಲ, ಹುಲಿಯದಂತೂ ಅಲ್ಲವೇ ಅಲ್ಲ. ಹೋಟೆಲು ಗೊತ್ತುಮಾಡಿದವರು, ಕಾರಿಗೆ ಪೆಟ್ರೋಲು ಹಾಕಿಸಿದವರು, ಬಟ್ಟೆ ಜೋಡಿಸಿದವರು ಎಲ್ಲರೂ ದೊಡ್ಡವರೇ. ಮಗುವನ್ನು ಸಾಮಾನಿನಂತೆ ಎತ್ತಿಕೊಂಡು ಹೋಗಿ ಕಾಡಿನ ಮುಂದೆ ಇಳಿಸಲಾಗಿದೆ. ತಾನು ಹುಡುಕದೆ ಬಂದಲ್ಲಿ ಏನು ಸಿಕ್ಕರೂ ಅದು ‘ಬರೀ’ ಆಗಿಯೇ ಕಾಣುತ್ತದೆ.

ಹಿಂದಿನ ಶಿಕಾರಿಗಳಿಗೆ ಈ ತೊಂದರೆ ಇರಲಿಲ್ಲ.

ತಂದೆಯಿಂದ ಮಗನಿಗೆ

ಬೆಂಗಳೂರಿನ ದಕ್ಷಿಣದ ಕಾಡುಗಳೆಂದರೆ ಓದುವ ಹವ್ಯಾಸವಿದ್ದವರಿಗೆ ಮೊದಲು ನೆನಪಾಗುವ ಹೆಸರು ಕೆನೆತ್ ಆಂಡರ್ಸನ್. 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಓದಿ, ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡಿ, 1974ರಲ್ಲಿ ಇಲ್ಲಿಯೇ ತೀರಿಕೊಂಡವರು ಅವರು. ರಜೆ ಸಿಕ್ಕರೆ ಅವರ ಕಾರು ಆನೇಕಲ್ಲಿನ ಕಡೆಗೋ, ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿರುವ ಜವಳಗಿರಿ, ಗುಮ್ಮಳಾಪುರಗಳ ಕಡೆಗೋ ಹೊರಡುತ್ತಿತ್ತು. ನರಭಕ್ಷಕಗಳ ಬೆನ್ನು ಹತ್ತಿದ ಅವರ ಅನುಭವಗಳು ಪೂರ್ಣಚಂದ್ರ ತೇಜಸ್ವಿಯವರ ಕೈಯಲ್ಲಿ ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದವು. ಇವತ್ತಿನ ಪಾಲಕರಲ್ಲಿ ಅನೇಕರು ಹೈಸ್ಕೂಲಿನಲ್ಲಿದ್ದಾಗ ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದಿದ್ದು ಅವನ್ನೇ.

ಆಂಡರ್ಸನ್ನರ ಮಗ ಡೊನಾಲ್ಡ್ ಕಾಡು ಕಲಿತದ್ದು ತಂದೆಯ ಜೊತೆ ತಿರುಗಿ. ಆ ಕಾಲದ ಶಿಕಾರಿ ಮನೆಗಳಲ್ಲಿ ಕೋವಿ ಹಾರಿಸುವುದು ಕಲಿಕೆಯ ಕೊನೆಯ ಪಾಠವಾಗಿತ್ತು. ಅದಕ್ಕೆ ಮುಂಚೆ ಕಲಿಯಬೇಕಾದದ್ದು ಬಹಳವಿತ್ತು. ಹೆಜ್ಜೆಗುರುತು ನಿನ್ನೆಯದೋ ಇಂದಿನದೋ ಎಂದು ಹೇಳುವುದು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ತಿಳಿಯುವುದು, ಮುಸುವ ಕೂಗಿದ್ದು ಏತಕ್ಕೆ ಎಂದು ಊಹಿಸುವುದು, ಒಣ ಎಲೆಯ ಮೇಲೆ ಸದ್ದಾಗದಂತೆ ಕಾಲಿಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಅಲುಗಾಡದೆ ಕಾಯುವುದು.

ಆ ಬೇಟೆಯ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಪರವಾನಗಿ ಪಡೆದು ಬೇಟೆಯಾಡಲು ಉಳಿದಿದ್ದ ದಾರಿಯನ್ನು 1991ರ ತಿದ್ದುಪಡಿ ಮುಚ್ಚಿತು. ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಒಡ್ಡುವುದು, ಹಿಡಿಯುವುದು, ಗಾಯ ಮಾಡುವುದು, ಅದಕ್ಕಾಗಿ ಪ್ರಯತ್ನಿಸುವುದು, ಹಕ್ಕಿಯ ಗೂಡು ಮೊಟ್ಟೆಗಳನ್ನು ಕೆಡಿಸುವುದು ಕೂಡ ಬೇಟೆಯೇ. ಕವಣೆ ಹಿಡಿದು ಮೈದಾನಕ್ಕೆ ಹೊರಡುವ ಹುಡುಗರಿಗೆ ಇಷ್ಟನ್ನಾದರೂ ಹೇಳಿಕೊಡಬೇಕು.

ಆದರೆ ಕೋವಿಯನ್ನು ಕೆಳಗಿಡುವ ಅವಸರದಲ್ಲಿ ಅದರ ಜೊತೆಗಿದ್ದ ವಿದ್ಯೆಯನ್ನೂ ಕೆಳಗಿಟ್ಟುಬಿಟ್ಟೆವಲ್ಲ, ಅದೇ ನಷ್ಟ. ಕಾಡನ್ನು ಓದುವ ಆ ವಿದ್ಯೆಗೂ ಮದ್ದುಗುಂಡಿಗೂ ಯಾವ ಸಂಬಂಧವೂ ಇಲ್ಲ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಕತೆಯೇ ಇದಕ್ಕೆ ಸಾಕ್ಷಿ. ಹುಡುಗನಾಗಿದ್ದಾಗ ಅವರು ಆಟದ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದ್ಯಾವ ಹಕ್ಕಿ ಎಂದು ಕೇಳಿದ ಹುಡುಗನನ್ನು ಹಿರಿಯರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿದ್ದ ಮಿಲ್ಲರ್ಡ್ ಎಂಬ ಅಧಿಕಾರಿ ಗದರದೆ, ಕಪಾಟು ತೆಗೆದು ಸಾಲುಸಾಲು ಹಕ್ಕಿಗಳನ್ನು ತೋರಿಸಿದರು. ಭಾರತದ ಪಕ್ಷಿಶಾಸ್ತ್ರಕ್ಕೆ ಸಲೀಂ ಅಲಿ ದೊರೆತದ್ದು ಆ ಕಪಾಟಿನ ಮುಂದೆ. ಮಗುವಿನ ಕುತೂಹಲವನ್ನು ಕೋವಿಯಿಂದ ತಿಳಿವಳಿಕೆಯ ಕಡೆಗೆ ತಿರುಗಿಸಲು ಒಬ್ಬ ಹಿರಿಯರ ಅರ್ಧ ಗಂಟೆ ಸಾಕಾಯಿತು.

ಅಮೆರಿಕದ ಎಲ್ಕ್, ನಮ್ಮ ಕಡವೆ

ಅಮೆರಿಕದಲ್ಲಿ ಬೇಟೆ ಇನ್ನೂ ಕಾನೂನುಬದ್ಧ. ಅಲ್ಲಿಯ ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಕಾಡುಗಳು ವಿಸ್ತಾರವಾಗಿವೆ. ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಅರಸಿ ತಂದೆ ತಾಯಂದಿರು ಮಕ್ಕಳೊಡನೆ ಹೊರಡುತ್ತಾರೆ. ಬಾಡಿಗೆ ಮಾರ್ಗದರ್ಶಕ ಇರುವುದಿಲ್ಲ, ಎಲ್ಲ ಏರ್ಪಾಡೂ ತಮ್ಮದೇ. ಕೊಲರಾಡೊ ರಾಜ್ಯದಲ್ಲಿ ಇಂಥ ದೊಡ್ಡ ಪ್ರಾಣಿಯ ಬೇಟೆಗೆ ಮಗುವಿಗೆ 12 ವರ್ಷ ತುಂಬಿರಬೇಕು, ಸುರಕ್ಷತೆಯ ತರಗತಿ ಮುಗಿಸಿರಬೇಕು, ಹಿರಿಯರು ಜೊತೆಗಿರಬೇಕು. ತಿಂಗಳುಗಳ ಮುಂಚೆಯೇ ನಕಾಶೆ ಹರಡಿಕೊಂಡು ಕೂರುತ್ತಾರೆ. ನೀರು ಎಲ್ಲಿದೆ, ಹುಲ್ಲುಗಾವಲು ಎಲ್ಲಿದೆ, ಎಷ್ಟು ಏರಬೇಕು ಎಂದು ಲೆಕ್ಕ ಹಾಕುತ್ತಾರೆ. ಇಷ್ಟೆಲ್ಲ ಮಾಡಿಯೂ ಬಹುಪಾಲು ಜನ ಬರಿಗೈಯಲ್ಲಿ ಹಿಂದಿರುಗುತ್ತಾರೆ, ಮರುವರ್ಷ ಮತ್ತೆ ಹೊರಡುತ್ತಾರೆ. ಅವರ ಕೋವಿ ನಮಗೆ ಬೇಡ, ಆದರೆ ಆ ಸಿದ್ಧತೆಯನ್ನು ನಾವು ಎರವಲು ಪಡೆಯಬಹುದು.

ನಮ್ಮಲ್ಲಿ ಎಲ್ಕ್ ಇಲ್ಲ ಎಂದು ಬೇಸರಪಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಹಳಕ್ಕೆ ಬಂದ ಸ್ಯಾಮ್ಯುಯಲ್ ಬೇಕರ್‌ನಂಥ ಬ್ರಿಟಿಷ್ ಬೇಟೆಗಾರರು ಅಲ್ಲಿಯ ಕಡವೆಯನ್ನೇ ‘ಎಲ್ಕ್’ ಎಂದು ಕರೆದರು. ನಮ್ಮ ನೆರೆಯ ಊಟಿಯಲ್ಲಿ ಇಂದಿಗೂ ‘ಎಲ್ಕ್ ಹಿಲ್’ ಎಂಬ ಬೆಟ್ಟವಿದೆ. ಅವರು ಇಟ್ಟ ಹೆಸರು ಶಾಸ್ತ್ರದ ಪ್ರಕಾರ ತಪ್ಪು. ಆದರೆ ಗಾತ್ರ, ಗಾಂಭೀರ್ಯಗಳಲ್ಲಿ ಕಡವೆ ಆ ಹೆಸರಿಗೇನೂ ಕಡಿಮೆಯಲ್ಲ.

ಭಾರತದ ಜಿಂಕೆಗಳಲ್ಲೆಲ್ಲ ದೊಡ್ಡದು ಕಡವೆ. ಚೆನ್ನಾಗಿ ಬೆಳೆದ ಗಂಡು 250 ಕಿಲೋ ದಾಟಬಹುದು. ಮೈಮೇಲೆ ಚುಕ್ಕಿಯಿಲ್ಲ, ಒರಟಾದ ಕಂದು ಕೂದಲು. ಕಿವಿ ಅಗಲ. ಕೊಂಬು ಗಂಡಿಗೆ ಮಾತ್ರ, ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲು. ಈ ಕೊಂಬು ಹಸುವಿನ ಕೊಂಬಿನಂತೆ ಶಾಶ್ವತವಲ್ಲ. ಉದುರಿ, ಮತ್ತೆ ತುಪ್ಪುಳದಂಥ ಚರ್ಮ ಹೊದ್ದು ಬೆಳೆದು, ಗಟ್ಟಿಯಾಗುತ್ತದೆ. ಕಡವೆ ಚುಕ್ಕಿ ಜಿಂಕೆಯಂತೆ ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಅಥವಾ ಎರಡು ಮೂರರ ಗುಂಪಿನಲ್ಲಿ ಇರುತ್ತದೆ. ಹಗಲು ದಟ್ಟ ಮರೆಯಲ್ಲಿ ಮಲಗಿದ್ದು ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ, ಬೆಳಗಿನ ಜಾವದಲ್ಲಿ ಓಡಾಡುತ್ತದೆ. ನೀರಿನ ಆಸರೆ ಬಿಟ್ಟು ದೂರ ಹೋಗುವುದಿಲ್ಲ, ಕೆಸರಿನಲ್ಲಿ ಹೊರಳುವುದೆಂದರೆ ಇಷ್ಟ. ಅಪಾಯದ ವಾಸನೆ ಬಡಿದರೆ ಕಾಲು ನೆಲಕ್ಕೆ ಅಪ್ಪಳಿಸಿ, ಬಾಲ ಎತ್ತಿ, ಕಾಡೆಲ್ಲ ಕೇಳುವಂತೆ ‘ಢಾಂಕ್’ ಎಂದು ಕೂಗುತ್ತದೆ. ಕಡವೆ ಸುಮ್ಮನೆ ಕೂಗುವುದಿಲ್ಲ ಎಂಬುದು ಕಾಡಿನವರ ನಂಬಿಕೆ. ಹಾಗಾಗಿ ಸಫಾರಿ ಡ್ರೈವರು ಹುಲಿಗಾಗಿ ಕಿವಿಗೊಡುವುದು ಈ ‘ಬರೀ ಜಿಂಕೆ’ಯ ಕೂಗಿಗೇ!

ಮೊದಲ ಶಿಕಾರಿಗೆ ಕಡವೆಯೇ ತಕ್ಕ ಗುರಿ. ಹುಲಿಯಷ್ಟು ಅಪರೂಪವಲ್ಲ, ಚುಕ್ಕಿ ಜಿಂಕೆಯಷ್ಟು ಸುಲಭವೂ ಅಲ್ಲ. ಹುಡುಕಿದರೆ ಸಿಗಬಹುದು, ಹುಡುಕದಿದ್ದರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಮೊದಲನೆಯ ಕೆಲಸ: ಮಗುವಿನ ಕೈಗೆ ನಕಾಶೆ

ಎರಡು ತಿಂಗಳು ಮುಂಚೆ ಒಂದು ನೂರು ಪುಟದ ನೋಟುಪುಸ್ತಕ ತಂದು ಅದರ ಮೇಲೆ ಮಗುವಿನ ಹೆಸರು ಬರೆಸಬೇಕು. ಯೋಜನೆಯ ಒಡೆತನ ಯಾರದು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಹತ್ತು ಹನ್ನೆರಡು ವರ್ಷದ ಮಗುವಿಗೆ ಇದು ಭಾರವಲ್ಲ. ಪರೀಕ್ಷೆಯ ವೇಳಾಪಟ್ಟಿ ನೋಡಿ ದಿನ ಗೊತ್ತುಮಾಡುವುದು ಮಗುವೇ. ದಸರಾ ರಜೆಯೋ ಡಿಸೆಂಬರಿನ ರಜೆಯೋ ಆದರೆ ಕಾಡು ಹಸಿರಾಗಿರುತ್ತದೆ, ಪ್ರಾಣಿಗಳಿಗೆ ಮರೆ ಹೆಚ್ಚು. ಬೇಸಗೆಯಲ್ಲಿ ನೀರಿರುವ ಕಡೆ ಪ್ರಾಣಿಗಳು ಸುಲಭವಾಗಿ ಕಾಣುತ್ತವೆ, ಆದರೆ ಬಿಸಿಲು ಜೋರು, ಕಾಳ್ಗಿಚ್ಚಿನ ಭಯ ಬೇರೆ. ಎರಡರ ಲಾಭನಷ್ಟವನ್ನು ಎದುರುಬದುರಾಗಿ ಬರೆದು ತೂಗಿ ನೋಡುವುದೂ ಒಂದು ಪಾಠವೇ.

ಆಮೇಲೆ ನಕಾಶೆ. ಮೊಬೈಲಿನ ನಕಾಶೆ ದಾರಿ ತೋರಿಸುತ್ತದೆ, ನೆಲವನ್ನು ಅಷ್ಟಾಗಿ ತೋರಿಸುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕಾಶೆಯಲ್ಲಿ ಎರಡು ಸೆಂಟಿಮೀಟರು ಎಂದರೆ ನೆಲದ ಮೇಲೆ ಒಂದು ಕಿಲೋಮೀಟರು. ಬೆಟ್ಟದ ಏರಿಳಿತವನ್ನು ಸಮೋನ್ನತಿ ರೇಖೆಗಳು ಹೇಳುತ್ತವೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಸಲೀಸು. ಭೂಗೋಳದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿದ್ದ ವಿಷಯ ಇಲ್ಲಿ ‘ಕಡವೆ ನೀರಿಗೆ ಯಾವ ಕಡೆಯಿಂದ ಇಳಿದೀತು?’ ಎಂಬ ಪ್ರಶ್ನೆಯಾಗುತ್ತದೆ. ಉತ್ತರ ತಪ್ಪಾದರೂ ಚಿಂತೆಯಿಲ್ಲ. ಅಪ್ಪನಿಗೂ ಉತ್ತರ ಗೊತ್ತಿಲ್ಲ ಎಂಬುದು ಮಗುವಿಗೆ ಗೊತ್ತಾಗುವುದೇ ದೊಡ್ಡ ಲಾಭ.

ಅರಣ್ಯ ಇಲಾಖೆಯ ಕಚೇರಿಗೆ ಫೋನು ಮಾಡುವುದನ್ನೂ ಮಗುವಿಗೇ ಬಿಡಬೇಕು. ‘ಸಾರ್, ಶನಿವಾರ ಸಫಾರಿ ಇರುತ್ತಾ? ಮಕ್ಕಳಿಗೆ ಟಿಕೆಟ್ ಎಷ್ಟು?’ ಎಂದು ಕೇಳಿ ಬರೆದುಕೊಂಡ ಹುಡುಗಿ ಅರ್ಧ ಶಿಕಾರಿ ಮುಗಿಸಿದಂತೆ. ಹೀಗೆ ವಿಚಾರಿಸುವುದು ಬರೀ ಅಭ್ಯಾಸಕ್ಕಾಗಿ ಅಲ್ಲ, ಅಗತ್ಯವೂ ಹೌದು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಯಿಂದ ಜೀವಹಾನಿಯಾದ ಕಾರಣ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ವಿಚಾರಿಸದೆ ಹೊರಟವರು ಗೇಟಿನಿಂದಲೇ ವಾಪಸು ಬರಬೇಕಾದೀತು.

ತಾಲೀಮು ಮನೆಯ ಹತ್ತಿರವೇ

ಎಲ್ಕ್ ಹುಡುಕುವವರು ಮನೆಯ ಹಿಂದಿನ ಗುಡ್ಡದಲ್ಲಿ ನಡೆದು ಕಾಲು ಗಟ್ಟಿ ಮಾಡಿಕೊಳ್ಳುತ್ತಾರೆ. ದಕ್ಷಿಣ ಬೆಂಗಳೂರಿನವರಿಗೂ ತಾಲೀಮಿನ ಜಾಗಗಳಿಗೆ ಬರವಿಲ್ಲ.

ಮೊದಲ ಭಾನುವಾರ ಬಿ.ಟಿ.ಎಂ. ಪಕ್ಕದ ಮಡಿವಾಳ ಕೆರೆ ಸಾಕು. ಕೆಲಸ ಒಂದೇ: ಹದಿನೈದು ನಿಮಿಷ ಮಾತಿಲ್ಲದೆ ಒಂದೇ ಕಡೆ ಕೂರುವುದು. ಮೊದಲ ಐದು ನಿಮಿಷ ಸೊಳ್ಳೆ ಮಾತ್ರ ಕಾಣುತ್ತದೆ. ಆಮೇಲೆ ನೀರುಕಾಗೆ, ಬೆಳ್ಳಕ್ಕಿ, ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅವು ಮುಂಚೆಯೂ ಅಲ್ಲಿಯೇ ಇದ್ದವು. ಈ ಕಾಯುವ ಕೆಲಸದಲ್ಲಿ ಸಾಮಾನ್ಯವಾಗಿ ಮೊದಲು ಸೋಲುವವರು ಮಕ್ಕಳಲ್ಲ, ಜೇಬಿನಲ್ಲಿ ಮೊಬೈಲು ನಡುಗಿದಾಗ ಕೈ ಹಾಕುವ ದೊಡ್ಡವರು.

ಎರಡನೆಯ, ಮೂರನೆಯ ಭಾನುವಾರ ತುರಹಳ್ಳಿ ಕಾಡು. ಕನಕಪುರ ರಸ್ತೆಯ ಮೆಟ್ರೊದಲ್ಲಿ ವಜರಹಳ್ಳಿಯವರೆಗೆ ಹೋಗಿ, ಮುಂದೆ ಆಟೊ ಹಿಡಿದರೆ ಕುರುಚಲು ಗಿಡಗಳ, ಬಂಡೆಗಳ ಈ ಸಣ್ಣ ಕಾಡು ಸಿಗುತ್ತದೆ. ಒಳಗೆ ಬಿಡುವ ವೇಳೆ ಮತ್ತು ನಿಯಮಗಳನ್ನು ಮೊದಲೇ ತಿಳಿದುಕೊಂಡು ಹೋಗಬೇಕು. ಇಲ್ಲಿ ಕಡವೆ ಹುಡುಕುವ ಉದ್ದೇಶವಿಲ್ಲ, ಜಾಡು ಓದಲು ಕಲಿಯುವುದಷ್ಟೇ ಕೆಲಸ. ಮಳೆ ಬಂದ ಮರುದಿನ ಮಣ್ಣಿನ ದಾರಿಯೇ ಕರಿಹಲಗೆ. ಹಸುವಿನ ಗೊರಸು ಎರಡಾಗಿ ಸೀಳಿದೆ. ಕಡವೆಯ ಗೊರಸೂ ಹಾಗೆಯೇ, ಆದರೆ ಹಸುವಿನದಕ್ಕಿಂತ ಕಿರಿದು, ಮುಂದೆ ಮೊನಚು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ. ಬೆಕ್ಕಿನ ಜಾತಿಯ ಪ್ರಾಣಿಗಳು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಸಾಮಾನ್ಯವಾಗಿ ಗುರುತು ಕಾಣುವುದಿಲ್ಲ. ಹೆಜ್ಜೆಯ ಪಕ್ಕ ಸ್ಕೇಲು ಇಟ್ಟು ಅಳೆದು, ನೋಟುಪುಸ್ತಕದಲ್ಲಿ ಚಿತ್ರ ಬರೆಯಬೇಕು. ಅಂಚು ಚೂಪಾಗಿದ್ದರೆ ಹೊಸದು, ಅಂಚು ಕುಸಿದು ಒಳಗೆ ಒಣ ಎಲೆ ಬಿದ್ದಿದ್ದರೆ ಹಳೆಯದು. ತುರಹಳ್ಳಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡ ಸುದ್ದಿ ಆಗಾಗ ಬರುವುದರಿಂದ ಮಗು ಒಂಟಿಯಾಗಿ ಮುಂದೆ ಓಡುವಂತಿಲ್ಲ, ಕತ್ತಲಾಗುವವರೆಗೆ ಇರುವಂತಿಲ್ಲ.

ಈ ಕಾಡಿನ ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. ಕಾಡು ಕಾಡಾಗಿಯೇ ಇರಲಿ ಎಂಬುದು ಅವರ ಬೇಡಿಕೆ. ಅವರಲ್ಲಿ ಬಹಳ ಮಂದಿ ಅಲ್ಲಿ ನಡೆದವರು, ಸೈಕಲ್ ತುಳಿದವರು, ಬಂಡೆ ಹತ್ತಿದವರು. ಕಾಲಿನಿಂದ ತಿಳಿದ ಜಾಗಕ್ಕಾಗಿಯೇ ಜನ ಬಾಯಿ ತೆರೆಯುವುದು. ‘ಬರೀ ಜಿಂಕೆ’ ಎಂದು ಬೆಳೆದ ಮಕ್ಕಳು ನಾಳೆ ಜಿಂಕೆಯ ಕಾಡಿಗಾಗಿ ಮಾತಾಡುವರೇ?

ನಾಲ್ಕನೆಯ ಭಾನುವಾರ ಬನ್ನೇರುಘಟ್ಟ. ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ ಎಂಬುದನ್ನು ಮರೆಯಬಾರದು. ಸಸ್ಯಾಹಾರಿ ಪ್ರಾಣಿಗಳ ಸಫಾರಿಯಲ್ಲಿ ಕಡವೆಯನ್ನೂ ಚುಕ್ಕಿ ಜಿಂಕೆಯನ್ನೂ ಹತ್ತಿರದಿಂದ ನೋಡಿ ವ್ಯತ್ಯಾಸ ಬರೆದುಕೊಳ್ಳಬಹುದು. ಕಣ್ಣಿಗೆ ಆಕಾರ ಪರಿಚಯವಾಗಿದ್ದರೆ ನಾಳೆ ಪೊದೆಯ ನಡುವೆ ಒಂದು ಕಿವಿ ಅಲುಗಿದರೂ ಸಾಕು, ಕಡವೆ ಎಂದು ಗೊತ್ತಾಗುತ್ತದೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಕಾಡು ದಕ್ಷಿಣಕ್ಕೆ ಕಾವೇರಿ ಕಣಿವೆಯತ್ತ ಚಾಚಿಕೊಂಡಿದೆ, ಆನೆಗಳು ಅಲ್ಲಿ ಓಡಾಡುತ್ತವೆ. ಆ ಕಾಡಿಗೆ ನಮ್ಮಷ್ಟಕ್ಕೆ ನಾವೇ ನುಗ್ಗುವಂತಿಲ್ಲ.

ಸರ್ಕಾರಿ ಕಾಡು ಯಾರದು?

ಅಮೆರಿಕದ ‘ಸಾರ್ವಜನಿಕ ಭೂಮಿ’ಗೂ ನಮ್ಮ ಸರ್ಕಾರಿ ಕಾಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ನಮ್ಮ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಪ್ರವಾಸಿಗಳು ನೋಡುವುದು ವಾಹನದಿಂದ. ಚಾರಣಕ್ಕೆ ಅವಕಾಶವಿರುವ ಬೆಟ್ಟಗಳಿಗೂ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ಆದ್ದರಿಂದ ನಮ್ಮಲ್ಲಿ ಸ್ವಂತ ಏರ್ಪಾಡಿನ ಶಿಕಾರಿ ಎಂದರೆ ಬೇಲಿ ಹಾರುವುದಲ್ಲ. ಯೋಜನೆ ನಮ್ಮದು, ದಾರಿ ಇಲಾಖೆಯದು.

ದೊಡ್ಡ ಪ್ರವಾಸಕ್ಕೆ ಆಯ್ಕೆಗಳು ಹಲವು. ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರು ದೂರದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಒಣ ಕಾಡಿನಿಂದ ಶೋಲಾ ಕಾಡಿನವರೆಗೆ ಎಲ್ಲವೂ ಒಂದೇ ಬೆಟ್ಟಸಾಲಿನಲ್ಲಿವೆ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಇನ್ನೂ ಮುಂದೆ ಬಂಡೀಪುರ, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅದರ ಮೂಲಕ ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಜಾರಿಗೆ ಬಂತು. ಹಾಗೇಕೆ ಮಾಡಿದರು ಎಂದು ಮಗು ಕೇಳಿದರೆ, ಕಡವೆ ರಾತ್ರಿ ಓಡಾಡುವ ಪ್ರಾಣಿ ಎಂದು ಅದೇ ಬರೆದಿಟ್ಟ ಪುಟವನ್ನು ತೆರೆದು ತೋರಿಸಬೇಕು. ಉತ್ತರ ಅಲ್ಲಿಯೇ ಇದೆ.

ಕಾಡು ಖಾಲಿ ಜಾಗವಲ್ಲ ಎಂಬುದನ್ನೂ ಮಗು ಅರಿಯಬೇಕು. ಬಿಳಿಗಿರಿರಂಗನ ಬೆಟ್ಟ ಸೋಲಿಗರ ಮನೆ. 2011ರಲ್ಲಿ ಅಲ್ಲಿಯ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸಮುದಾಯ ಹಕ್ಕುಗಳು ದೊರೆತವು. ನಾಗರಹೊಳೆಯಲ್ಲಿ ಜೇನುಕುರುಬರಿದ್ದಾರೆ. ಹಿಂದಿನ ದೊರೆಗಳ, ದೊರೆಸಾನಿಯರ ಬೇಟೆಯಲ್ಲಿ ಜಾಡು ಹಿಡಿದು ತೋರಿಸಿದವರು ಇಂಥ ಜನ. ಫೋಟೊದಲ್ಲಿ ಪ್ರಾಣಿಯ ಮೇಲೆ ಕಾಲಿಟ್ಟು ನಿಂತವರು ಬೇರೆ. ದಾರಿಯಲ್ಲಿ ಅರಣ್ಯ ರಕ್ಷಕರೋ ಸೋಲಿಗ ಹಿರಿಯರೋ ಸಿಕ್ಕರೆ ‘ತಾತ, ಈ ಹೆಜ್ಜೆ ಯಾವುದು?’ ಎಂದು ಮರ್ಯಾದೆಯಿಂದ ಕೇಳುವುದನ್ನು ಮಗು ಕಲಿತರೆ, ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ಸಿಕ್ಕೀತು.

ಚೀಲದಲ್ಲಿ ಏನೇನು?

ಮಗುವಿನ ಚೀಲವನ್ನು ಮಗುವೇ ತುಂಬಬೇಕು, ಮಗುವೇ ಹೊರಬೇಕು. ನೀರಿನ ಬಾಟಲಿ, ಟೋಪಿ, ಸ್ವೆಟರು, ಎರಡು ಚಪಾತಿ, ನೋಟುಪುಸ್ತಕ, ಪೆನ್ಸಿಲು, ಆರು ಇಂಚಿನ ಸ್ಕೇಲು, ದಿಕ್ಸೂಚಿ. ಬಟ್ಟೆ ಮಣ್ಣಿನ ಬಣ್ಣದ್ದು ಇರಲಿ, ಹೊಸ ಬೂಟು ಬೇಡ. ಹೊಸ ಬೂಟು ಕಚ್ಚಿದ ಕಾಲಿಗೆ ಯಾವ ಕಡವೆಯೂ ಕಾಣುವುದಿಲ್ಲ. ಸೆಂಟು, ಘಮಘಮಿಸುವ ಪೌಡರು ಆ ದಿನ ಮನೆಯಲ್ಲೇ ಇರಲಿ. ಜಿಂಕೆಗಳ ಮೂಗು ಬಲು ಚುರುಕು.

ಬೈನಾಕ್ಯುಲರ್ ಒಂದಿದ್ದರೆ ಒಳ್ಳೆಯದು, ನೆರೆಯವರಿಂದ ಕೇಳಿ ತಂದರೂ ಆದೀತು. ಅದರ ಮೇಲೆ 8×40 ಎಂದಿದ್ದರೆ ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಮಸೂರದ ವ್ಯಾಸ 40 ಮಿಲಿಮೀಟರು ಎಂದರ್ಥ. ಮಸೂರ ದೊಡ್ಡದಾದಷ್ಟೂ ಮುಸ್ಸಂಜೆಯ ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಚಿಕ್ಕ ಪೊಟ್ಟಣದಲ್ಲಿ ಮನೆಯ ಊದುಬತ್ತಿಯ ಬೂದಿ ಕಟ್ಟಿಕೊಂಡರೆ ಗಾಳಿ ಪರೀಕ್ಷೆಗೆ ಸಾಕು. ಚಿಟಿಕೆ ಬೂದಿ ಬಿಟ್ಟರೆ ಅದು ತೇಲುವ ಕಡೆಗೇ ನಮ್ಮ ವಾಸನೆಯೂ ಹೋಗುತ್ತದೆ. ಬೆಂಕಿಪೊಟ್ಟಣ ಮಾತ್ರ ಚೀಲದ ಹತ್ತಿರ ಸುಳಿಯಬಾರದು.

ಬರುವಾಗ ಚೀಲಕ್ಕೆ ಹೊಸದೇನೂ ಸೇರಬಾರದು. ಉದುರಿದ ಕೊಂಬು ಸಿಕ್ಕರೂ ಅಲ್ಲಿಯೇ ಬಿಡಬೇಕು, ತರುವುದು ಕಾನೂನಿಗೆ ವಿರುದ್ಧ. ಕಾಡಿನಲ್ಲಿ ಅದು ಕಸವಲ್ಲ. ಮುಳ್ಳುಹಂದಿ, ಇಲಿಗಳು ಅದನ್ನು ಕಡಿದು ಸುಣ್ಣದ ಅಂಶ ಪಡೆಯುತ್ತವೆ. ಚಿತ್ರ ಬರೆದುಕೊಂಡು ಬಂದರಾಯಿತು.

ಪಾಲಕರ ಪರೀಕ್ಷೆ

ಎಲ್ಲ ಸಿದ್ಧವಾದ ಮೇಲೆ ನಿಜವಾದ ಪರೀಕ್ಷೆ ಪಾಲಕರಿಗೆ. ಮಗು ದಣಿದಾಗ ‘ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಸುತ್ತು ಹೋಗೋಣ’ ಎನ್ನುವ ಆಸೆ ಅಪ್ಪನಿಗೆ ಬರುತ್ತದೆ. ಫೋಟೊ ಸಿಗಲಿಲ್ಲವಲ್ಲ ಎಂಬ ಕೊರಗು ಅಮ್ಮನಿಗೆ ಬರಬಹುದು. ಪಕ್ಕದ ಮನೆಯ ಹುಡುಗ ಹುಲಿ ನೋಡಿಬಂದ ಮಾತು ನೆನಪಾಗುತ್ತದೆ. ಟ್ಯೂಷನ್ನು, ರ‍್ಯಾಂಕು, ಸ್ಪರ್ಧೆಗಳ ನಡುವೆ ಬೆಳೆಯುತ್ತಿರುವ ಮಗುವಿಗೆ ಕಾಡೂ ಇನ್ನೊಂದು ಪರೀಕ್ಷಾ ಕೊಠಡಿಯಾದರೆ ಮುಂದಿನ ಸಲ ಅದು ಹೊರಡಲು ಒಪ್ಪುವುದಿಲ್ಲ.

ಇದಕ್ಕೆ ಎಲ್ಕ್ ಅರಸುವ ಮನೆಗಳಲ್ಲಿ ಒಂದು ಉಪಾಯವಿದೆ. ಹೊರಡುವ ಮುಂಚೆಯೇ ಹಿಂದಿರುಗುವ ನಿಯಮ ಮಾಡಿಕೊಳ್ಳುವುದು. ಮಗು ‘ಸಾಕು’ ಎಂದರೆ ಸಾಕು. ಚರ್ಚೆ ಇಲ್ಲ, ಮುಖ ಗಂಟು ಹಾಕುವುದಿಲ್ಲ, ಮನೆಗೆ ಬಂದ ಮೇಲೆ ಅದನ್ನು ಎತ್ತಿ ಆಡುವುದಿಲ್ಲ. ಇದನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಎಂದು ಗೊತ್ತಿರುವ ಮಗು ಬೇಗ ನಿಲ್ಲಿಸುವುದಿಲ್ಲ. ಇನ್ನೊಂದು ನಿಯಮವೂ ಇರಲಿ: ಕಡವೆ ಕಾಣದಿದ್ದರೂ ಐದು ಗುರುತು ಹುಡುಕಬೇಕು. ಹೆಜ್ಜೆ, ಹಿಕ್ಕೆ, ಮರಕ್ಕೆ ಕೊಂಬು ಉಜ್ಜಿದ ಗಾಯ, ಕೆಸರಿನಲ್ಲಿ ಹೊರಳಿದ ಹೊಂಡ, ದೂರದ ಕೂಗು. ವಾಹನದಿಂದ ಇಳಿಯದೆಯೂ ಇವುಗಳಲ್ಲಿ ಕೆಲವಾದರೂ ಕಣ್ಣಿಗೋ ಕಿವಿಗೋ ಬೀಳುತ್ತವೆ. ಐದರಲ್ಲಿ ಎರಡು ಸಿಕ್ಕರೂ ಆ ದಿನ ಸೋತ ದಿನವಲ್ಲ.

ಬಂದ ಮೇಲೆ ಲೆಕ್ಕ

ಮನೆಗೆ ಬಂದ ವಾರದಲ್ಲಿ ಒಂದು ಸಂಜೆ ನೋಟುಪುಸ್ತಕ ಬಿಚ್ಚಬೇಕು. ಖರ್ಚಿನ ಲೆಕ್ಕ ಮಗುವೇ ಕೂಡಲಿ. ನಕಾಶೆಯ ಮೇಲೆ ಪ್ರಾಣಿ ಕಂಡ ಜಾಗಕ್ಕೆ ಚುಕ್ಕಿ ಇಡಲಿ. ನೀರಿನ ಬಗ್ಗೆ ಮೊದಲು ಮಾಡಿದ ಊಹೆ ಸರಿಯಾಯಿತೇ ಎಂದು ನೋಡಲಿ.

ಆಗ ಒಂದು ದೊಡ್ಡ ಲೆಕ್ಕವನ್ನೂ ಕೊಡಬಹುದು. ನಾಗರಹೊಳೆಯಲ್ಲಿ ದೀರ್ಘಕಾಲ ಹುಲಿಗಳ ಅಧ್ಯಯನ ಮಾಡಿದ ವಿಜ್ಞಾನಿ ಉಲ್ಲಾಸ ಕಾರಂತರ ಪ್ರಕಾರ ಒಂದು ಹುಲಿ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ತಿನ್ನುತ್ತದೆ. ಆ ಪ್ರಾಣಿಗಳ ಸಂಖ್ಯೆ ಕುಗ್ಗದಂತೆ ಇರಬೇಕಾದರೆ ಇರುವುದರಲ್ಲಿ ಹತ್ತನೆಯ ಒಂದು ಭಾಗದಷ್ಟೇ ಹುಲಿಯ ಪಾಲಾಗಬೇಕು. ಹಾಗಾದರೆ ಒಂದು ಹುಲಿಗೆ ಎಷ್ಟು ಪ್ರಾಣಿಗಳಿರುವ ಕಾಡು ಬೇಕು? ಐದನೆಯ ತರಗತಿಯ ಮಗುವೂ 500 ಎಂದು ಉತ್ತರಿಸುತ್ತದೆ. ಆ 500ರಲ್ಲಿ ಕಡವೆಯ ಪಾಲು ದೊಡ್ಡದು. ಅದೇ ಕಡವೆ 2008ರಿಂದ ಜಗತ್ತಿನ ಅಪಾಯದಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಹುಲಿಯ ಹಿಂದೆ ಕಡವೆ ಇದೆ, ಕಡವೆಯ ಹಿಂದೆ ಹುಲ್ಲು, ನೀರು ಇವೆ ಎಂಬ ಸಂಗತಿ ಪಾಠದ ಚಿತ್ರದಿಂದ ಹೊರಬಂದು ತಾನೇ ಅಳೆದ ಹೆಜ್ಜೆಯ ಪಕ್ಕ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಕಡವೆ ಸಿಗದೇ ಹೋಗಬಹುದು. ಕಾಡು ಯಾರಿಗೂ ರಸೀತಿ ಕೊಟ್ಟಿಲ್ಲ. ಆದರೆ ಎರಡು ತಿಂಗಳು ಒಂದೇ ಕೆಲಸಕ್ಕೆ ಅಪ್ಪನೋ ಅಮ್ಮನೋ ಜೊತೆ ಕೂತು ತಲೆ ಕೆಡಿಸಿಕೊಂಡ ಮಗುವಿಗೆ ಮುಂದಿನ ರಜೆಗೆ ಎಲ್ಲಿಗೆ ಎಂದು ಯಾರೂ ಹೇಳಬೇಕಾಗಿಲ್ಲ. ನೋಟುಪುಸ್ತಕದಲ್ಲಿ ಇನ್ನೂ ಎಷ್ಟು ಹಾಳೆ ಖಾಲಿ ಇದೆ ಎಂದು ಅದೇ ಎಣಿಸಿಟ್ಟಿರುತ್ತದೆ.